ಮೊಗ್ಗು ಚಿವುಟಿದವನು

"ನಿಲ್ಲಿಸ್ರೀ ಆ ಗರಗರನ!"

ಅವಳು ಹುಲ್ಲು ಕತ್ತರಿಸುವ ಯಂತ್ರದ ಮುಂದೆಯೇ ನಿಂತುಬಿಟ್ಟಿದ್ದಳು. ಕೈಯಲ್ಲಿ ಚೀಲ, ಉಗುರಿನ ತುಂಬ ಹಸಿರು.

ಯಂತ್ರ ಕೆಮ್ಮಿ ಸುಮ್ಮನಾಯಿತು. ತಳ್ಳುತ್ತಿದ್ದ ಆಸ್ಪತ್ರೆಯ ಮಾಲಿ ಬೆವರು ಒರೆಸಿಕೊಂಡ. "ಕಳೆ ಅಲ್ವಾ ಇದು?"

"ನಿಮಗೆ ಕಳೆ. ನಮಗೆ ಸಂಜೆಯ ತಿಂಡಿ!"

ಆಸ್ಪತ್ರೆಯ ಹಿಂಗೋಡೆಯ ಪಕ್ಕದ ಆ ನೆಲದ ಪಟ್ಟಿಯಲ್ಲಿ ಯಾರೂ ಬಿತ್ತದ ಸೊಪ್ಪು ಬೆಳೆಯುತ್ತಿತ್ತು. ಅದನ್ನು ಹೆಚ್ಚಿ, ಈರುಳ್ಳಿ, ಹಿಟ್ಟು ಕಲಸಿ, ಅಂಗೈಯಲ್ಲಿ ತಟ್ಟಿ ಕರಿದ ಬಿಲ್ಲೆಗಳಿಂದಲೇ ಗೇಟಿನ ಪಕ್ಕದ ಟೀ ಅಂಗಡಿ ನಡೆಯುತ್ತಿತ್ತು. ಅಂಗಡಿ ಅವಳದು, ಅವಳ ಅಜ್ಜಿಯದು.

ಸಂಜೆ ಅವನು ಬಂದ. ಒಂದು ತಿಂದ. ನಾಲ್ಕು ತಿಂದ. ಮರುದಿನದಿಂದ ಯಂತ್ರ ಆ ಪಟ್ಟಿಯನ್ನು ಮುಟ್ಟಲಿಲ್ಲ.

"ವರ್ಷವಿಡೀ ಸಿಗುತ್ತಾ, ಬಿಲ್ಲೆ ಮೇಡಂ?"

"ಹೂ ಬಿಟ್ಟರೆ ಎಲೆ ಕಹಿ. ಆಮೇಲೆ ಅಂಗಡಿಗೆ ಬೀಗ, ಎರಡು ತಿಂಗಳು ಚಿಕ್ಕಮ್ಮನ ಮನೆ. ಗೊತ್ತಾಯ್ತಾ, ಗರಗರ ಸಾರ್?"

ಅಜ್ಜಿ ನಕ್ಕಳು. ಅವನು ನಗಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಬೆಳಗ್ಗೆ ಸೊಪ್ಪಿಗೆ ಹೋದವಳು ಬಗ್ಗಿ ನೋಡಿದಳು. ಒಂದೊಂದು ಗಿಡದ ತುದಿಯೂ ಮಾಯ! ಮೂಲೆಯಲ್ಲಿ ಅವನು, ಕೈಯಲ್ಲಿ ತುಂಬಿದ ಚೀಲ.

ಮೊನ್ನೆಯಷ್ಟೇ ಎದುರಿನ ಹೋಟೆಲಿನವನು ಈ ಸೊಪ್ಪು ಎಲ್ಲಿ ಸಿಗುತ್ತೆ ಎಂದು ಕೆದಕಿದ್ದ. ಅವಳು ಬಾಯಿ ಬಿಟ್ಟಿರಲಿಲ್ಲ. ಜಾಗ ಗೊತ್ತಿದ್ದದ್ದು ಇವನೊಬ್ಬನಿಗೇ.

"ಹೋಟೆಲಿಗೆ ಮಾರ್ತಿದೀರಾ?"

"ಅಲ್ಲ, ನಾನು..."

"ಏನೂ ಹೇಳಬೇಡಿ. ಅಂಗಡಿ ಕಡೆ ಬರಲೂಬೇಡಿ!"

ಚೀಲ ಅಲ್ಲೇ ಬಿಟ್ಟು ಅವನು ಹೊರಟುಹೋದ.

ಒಂದು ದಿನ, ಎರಡು ದಿನ... ಎಂಟು ದಿನ. ಅವಳು ಆ ಪಟ್ಟಿಯ ಕಡೆ ಹೋಗಲೇ ಇಲ್ಲ; ಅಂಗಡಿಯಲ್ಲಿ ಬಿಲ್ಲೆಯಿಲ್ಲ, ಬರೀ ಟೀ. ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತರೆ ಅವಳಿಗೆ ಸುಮ್ಮಸುಮ್ಮನೆ ಸಿಟ್ಟು.

"ಮುಖ ಊದಿಸ್ಕೊಂಡು ಕೂತ್ರೆ ಬಾಣಲೆ ಕಾಯುತ್ತೇನೇ? ಹೋಗಿ ನೋಡು, ಚಿಗುರಿರಬಹುದು" ಅಂದಳು ಅಜ್ಜಿ.

ಚಿಗುರಿತ್ತು! ಚಿವುಟಿದ ಪ್ರತಿ ತುದಿಯ ಕೆಳಗೆ ಎರಡೆರಡು ಎಳೆ ಕುಡಿ. ಕೆಳಗಿನ ಎಲೆಗಳನ್ನು ಯಾರೂ ಮುಟ್ಟೇ ಇರಲಿಲ್ಲ. ಅವನ ಚೀಲ ಗೋಡೆಗೊರಗಿ ಹಾಗೇ ಇತ್ತು. ಬಿಚ್ಚಿದಳು.

ಬಾಡಿದ ಮೊಗ್ಗುಗಳು... ಬರೀ ಮೊಗ್ಗುಗಳು!

'ಅಯ್ಯೋ, ನಾನೆಂಥ ಪೆದ್ದಿ...'

ಸಂಜೆ ಬಿಸಿ ಬಿಲ್ಲೆಯ ಡಬ್ಬಿ ಹಿಡಿದು ಹೋದಾಗ ಅವನು ಶೆಡ್ಡಿನಲ್ಲಿ ಬ್ಲೇಡು ಮಸೆಯುತ್ತಿದ್ದ.

"ತಪ್ಪಾಯ್ತು" ಅಂದಳು. "ಅಷ್ಟೂ ಗಿಡದ್ದು, ಒಂದೊಂದೇ ಮೊಗ್ಗು ಚಿವುಟಿದ್ರಲ್ಲ... ಯಾಕೆ?"

ಅವನು ತಲೆ ಎತ್ತಲಿಲ್ಲ. "ಹೂ ಬಿಟ್ಟರೆ ಊರು ಬಿಡ್ತೀನಿ ಅಂದ್ರಲ್ಲ. ಎರಡು ತಿಂಗಳು ನಿಮ್ಮನ್ನ ನೋಡದೆ... ನನ್ನ ಕೈಲಾಗಲ್ಲ ಅನ್ನಿಸ್ತು."

ಅವಳು ಡಬ್ಬಿಯ ಮುಚ್ಚಳ ತೆಗೆದಳು.

"ಎಲ್ಲಾ ಚಿವುಟಿದ್ರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರುತ್ತೆ? ಇನ್ಮೇಲೆ ಹೂ ಬಿಡಲಿ ಬಿಡಿ."

"ಮತ್ತೆ... ಚಿಕ್ಕಮ್ಮನ ಮನೆ?"

"ಅಜ್ಜಿ ಹೋಗ್ತಾಳೆ."

"ನೀವು?"

"ಬೀಜ ಕಾಯೋಕೆ ಯಾರಾದ್ರೂ ಬೇಕಲ್ಲ, ಗರಗರ ಸಾರ್... ತಗೊಳ್ಳಿ, ಆರಿಹೋಗುತ್ತೆ!"