ಪಟ್ಟೆ ಮೀನಿಗೆ ಧಾರವಾಡದ ನೀರು

"ಒಡೀಬ್ಯಾಡ್ರಿ!"

ಸ್ನೇಹಲ್ ಫೋನಿನಲ್ಲಿ ಕೂಗಿದಳು. ತಡವಾಗಿತ್ತು. ಆ ಕಡೆಯಿಂದ ಟಕ್ ಎಂಬ ಸದ್ದು ಬಂತು, ಹಿಂದೆಯೇ ಒಬ್ಬ ಗಂಡಸಿನ ಅಳುಕಿದ ದನಿ.

"ಒಡದೆನ್ರಿ. ಯಾರ್ ಮಾತಾಡ್ಲಿಕತ್ತೀರಿ?"

ಅವರಿಬ್ಬರ ಪರಿಚಯ ಆದದ್ದು ಹೀಗೆ. ಅವಳಿ ನಗರದ ಮೀನು ಸಾಕುವವರ ವಾಟ್ಸಾಪ್ ಗ್ರೂಪಿನಲ್ಲಿ ಹುಬ್ಬಳ್ಳಿಯ ಅತುಲ ಒಂದು ಫೋಟೊ ಹಾಕಿದ್ದ. ಮಣ್ಣಿನ ಗೂಡಿನಲ್ಲಿ ಅವನ ಎರಡು ಪ್ಲೆಕೊ ಮೀನು ಸಿಕ್ಕಿಕೊಂಡಿವೆಯಂತೆ, ಹೊರಗೆ ಬರುತ್ತಿಲ್ಲವಂತೆ, ಗೂಡು ಒಡೆದು ಬಿಡಿಸುತ್ತಾನಂತೆ. ಗ್ರೂಪಿನವರೆಲ್ಲ ಕೈಮುಗಿಯುವ ಚಿತ್ರ ಹಾಕಿ ಧೈರ್ಯ ಹೇಳುತ್ತಿದ್ದರು. ಧಾರವಾಡದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಸ್ನೇಹಲ್ ಮಾತ್ರ ಸ್ಟಾಫ್ ರೂಮಿನಲ್ಲೇ ಚಾಕ್‌ಪೀಸು ಬಿಸಾಕಿ ಅವನ ನಂಬರಿಗೆ ಫೋನು ಹಚ್ಚಿದ್ದಳು.

"ಅವು ಸಿಕ್ಕೊಂಡಿರಲಿಲ್ರಿ. ಗಂಡು ಹೆಣ್ಣಿಗೆ ಅಡ್ಡ ನಿಂತಿತ್ತು. ತತ್ತಿ ಇಡೂ ತನಕ ಹೊರಗ ಬಿಡಂಗಿಲ್ಲ ಅದು. ನೀವು ಮದುವಿ ಮನಿ ಗ್ವಾಡಿ ಕೆಡವಿದ್ರಿ."

"ಅಯ್ಯ, ನನಗ ಗೊತ್ತಿರಲಿಲ್ಲ ನೋಡ್ರಿ. ಝೀಬ್ರಾ ಪ್ಲೆಕೊ ಭಾಳ ನಾಜೂಕು ಅಂತ ಮೀನಿನ ಅಂಗಡಿ ಮಕ್ತುಮಸಾಬ ಅಂದಿದ್ದ."

"ಝೀಬ್ರಾನೂ ಅಲ್ಲ. ಝೀಬ್ರಾಕ್ಕ ಪಟ್ಟಿ ನೆಟ್ಟಗ ಇರತಾವ, ಮೈ ಬೆಳ್ಳಗ. ನಿಮ್ಮವಕ್ಕ ಪಟ್ಟಿ ಅಂಕುಡೊಂಕು, ಮೈ ಹಳದಿ. ಇದು ಎಲ್ 333. ಈ ಜಾತಿ ಮೀನಕ್ಕ ಹೆಸರು ಇಡೂದರಾಗ ತಡ ಆಗ್ತೈತಿ ಅಂತ ಮೊದಲು ನಂಬರ್ ಕೊಟ್ಟಿರ್ತಾರ. ಅಷ್ಟೂ ಕಾಣಂಗಿಲ್ಲಾ? ಏನ್ ಕೆಲಸ ಮಾಡ್ತೀರಿ?"



"ಕನ್ನಡಕದ ಅಂಗಡಿ ಅದರಿ. ದುರ್ಗದಬೈಲ್ ಹತ್ರ."

ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಸ್ನೇಹಲ್ ನಕ್ಕಳು. ಅವನೂ ನಕ್ಕ. ಸಿಟ್ಟು ಅಲ್ಲಿಗೆ ಮುಗಿಯಿತು. ಆಮೇಲೆ ಶುರುವಾದದ್ದಕ್ಕೆ ಇಬ್ಬರೂ ಬಹಳ ದಿನ ಹೆಸರಿಡಲಿಲ್ಲ.

ಗೂಡು ಒಡೆದ ಮೇಲೆ ಆ ಗಂಡು ಮುನಿಸಿಕೊಂಡಿತು. ಹೊಸ ಗೂಡು ಇಟ್ಟರೂ ಹೆಣ್ಣಿನ ಕಡೆ ತಿರುಗಲಿಲ್ಲ. ನೀರು ಯಾವುದೆಂದು ಸ್ನೇಹಲ್ ವಿಚಾರಿಸಿದಳು. ಬೋರಿನದು, ಎಂದ ಅತುಲ. ಅವರದು ಹೊಸ ಬಡಾವಣೆ, ಪಾಲಿಕೆಯ ನಳ ಇನ್ನೂ ಬಂದಿರಲಿಲ್ಲ, ಬೋರಿನ ನೀರಿಗೆ ಬಕೆಟ್ಟುಗಳೆಲ್ಲ ಸುಣ್ಣ ಬಳಿದಂತಾಗಿದ್ದವು. ದಕ್ಷಿಣ ಅಮೆರಿಕದ ಹೊಳೆಯ ಮೀನಿಗೆ ಸುಣ್ಣದಂಶ ಕಡಿಮೆ ಇರುವ ಮೆದು ನೀರು ಬೇಕು, ಮಳೆ ಬಂದು ಹೊಸ ನೀರು ಹರಿದಂತೆ ಅನ್ನಿಸಿದರೆ ಮಾತ್ರ ಅದು ತತ್ತಿಯ ಯೋಚನೆ ಮಾಡುತ್ತದೆ.

"ನಮ್ಮ ಮನಿಗೆ ಮಲಪ್ರಭಾ ನೀರು ಬರ್ತೈತಿ. ಬೇಕಾದ್ರ ಒಯ್ರಿ," ಎಂದಳು. ಹಿಂದೆ ಮುಂದೆ ಯೋಚಿಸದೆ ಹೇಳಿದ ಮಾತು ಅದು.

ಹುಬ್ಬಳ್ಳಿ-ಧಾರವಾಡದಲ್ಲಿ ಸೋಮವಾರ ಮಂಗಳವಾರ ಎಂದು ಲೆಕ್ಕ ಇಡುವವರು ಕಡಿಮೆ. ನೀರು ಬರುವ ದಿನ, ನೀರು ಬಾರದ ದಿನ, ಎರಡೇ. ನೀರು ಬಂದರೆ ಮದುವೆಗೆ ಹೊರಟವರೂ ಸೀರೆ ಎತ್ತಿ ಕಟ್ಟಿಕೊಂಡು ಕೊಡ ತುಂಬುತ್ತಾರೆ. ಧಾರವಾಡದ ಲಕಮನಹಳ್ಳಿಯ ತನ್ನ ಸಣ್ಣ ಮನೆಯಲ್ಲಿ ನಳ ಬುಸ್ ಎಂದ ಕೂಡಲೇ ಸ್ನೇಹಲ್ ಅತುಲನಿಗೆ ಮೆಸೇಜ್ ಕಳಿಸುವುದು ರೂಢಿಯಾಯಿತು.

"ನೀರು ಬಂತ್ರಿ."

"ಹೊಂಟೆ."

ಇಷ್ಟೇ. ಇಬ್ಬರ ಫೋನಿನಲ್ಲೂ ಮೇಲಿನಿಂದ ಕೆಳಗಿನವರೆಗೆ ಇವೆರಡೇ ಮಾತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಕ್ಯಾನು ಇಟ್ಟುಕೊಂಡು ಅತುಲ ರಾಯಾಪುರ ದಾಟಿ ಬರುವಷ್ಟರಲ್ಲಿ ಅವಳು ಎರಡು ಸಲ ಕೂದಲು ಬಾಚಿರುತ್ತಿದ್ದಳು. ಸುಮ್ಮನೆ ಬಾಚಿದೆ ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ಮೊದಲ ದಿನ ಅವನು ಬಾಗಿಲಲ್ಲಿ ನಿಂತು ಗೋಡೆಯ ಮೇಲಿನ ಬುದ್ಧನನ್ನೂ ಬಾಬಾಸಾಹೇಬರನ್ನೂ ನೋಡಿದ. ಅವಳು ಅವನನ್ನು ನೋಡಿದಳು. ಕುಲಕರ್ಣಿ ಎಂಬ ಅಡ್ಡಹೆಸರಿನವನು ಈಗ ಏನಾದರೂ ನೆವ ಹೇಳಿ ಹೊರಗೇ ನಿಲ್ಲಬಹುದು ಅಂದುಕೊಂಡಳು. ಅವನು ಚಪ್ಪಲಿ ಬಿಟ್ಟು ನೇರ ಒಳಗೆ ಬಂದು, ಅವಳ ತಾಯಿ ಸಾವಕ್ಕ ಕೊಟ್ಟ ಚಹಾ ಕುಡಿದು, ಸಕ್ಕರೆ ಇನ್ನೊಂದು ಚಮಚ ಬೇಕೆಂದ.

ಅವಳ ಮೀನುಗಳ ಮುಂದೆ ಇಬ್ಬರೂ ಬಗ್ಗಿ ಕೂರುತ್ತಿದ್ದರು. ಗಂಡನ್ನು ಗುರುತಿಸುವುದು ಹೇಗೆಂದು ಅವಳು ಟಾರ್ಚ್ ಹಿಡಿದು ತೋರಿಸಿದಳು.

"ಇಲ್ಲಿ ನೋಡ್ರಿ, ಕಿವಿರಿನ ಹಿಂದ ಸಣ್ಣ ಮುಳ್ಳು. ತಲಿನೂ ಅಗಲ. ಗಡ್ಡ ಮಾಡ್ಕೊಳ್ದ ಬಂದ ಗಂಡಸರಂಗ."

ಅತುಲನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. "ಇವತ್ತ ಅವಸರದಾಗ ಬಂದೇನ್ರಿ."

"ನಾ ಮೀನಿನ ಸುದ್ದಿ ಹೇಳಾಕತ್ತೇನಿ."

"ನಾನೂ ಮೀನೇ ನೋಡ್ಲಿಕತ್ತೇನಿ," ಎಂದ. ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು, ಅವನ ಕಣ್ಣು ಅಲ್ಲಿಯೇ ಇತ್ತು. ಅವಳು ಟಾರ್ಚ್ ಆರಿಸಿದಳು.

ಸಾವಕ್ಕ ನಿವೃತ್ತ ನರ್ಸು. ಅರ್ಧ ಊರಿನ ನಾಡಿ ಹಿಡಿದ ಕೈ. "ಹುಬ್ಬಳ್ಳ್ಯಾಗ ಓಣಿಗೊಂದು ಶುದ್ಧ ನೀರಿನ ಮಷಿನ್ ಐತಿ," ಎಂದಳು ಒಮ್ಮೆ, ಅವನು ಹೋದ ಮೇಲೆ. "ಕಾಸು ಹಾಕಿದ್ರ ಕ್ಯಾನ್ ತುಂಬತೈತಿ. ಈ ಹುಡುಗ ಪೆಟ್ರೋಲ್ ಸುಟ್ಟು ಇಲ್ಲಿ ತನಕ ಬರತಾನ."

"ಆ ನೀರಾಗ ಉಪ್ಪಿನಂಶ ಇರಂಗಿಲ್ಲಬೇ, ಮೀನಕ್ಕ ಒಗ್ಗಂಗಿಲ್ಲ."

"ಅದರಾಗ ಏನರ ಬೆರಸಾಕ ಬರತೈತಿ ಅಂತ ನೀನ ಹೇಳಿದ್ದಿ."

ಸ್ನೇಹಲ್ ಮೀನಿಗೆ ತಿನಿಸು ಹಾಕಲು ಎದ್ದಳು.

ಒಂದು ದಿನ ತಲೆನೋವೆಂದಳು. ಅಂಗಡಿಗೆ ಬರ್ರಿ, ಎಂದ ಅತುಲ. ಎತ್ತರದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಸಣ್ಣ ಸ್ಕೇಲು ಹಿಡಿದು, ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು ಎದುರು ಕೂತ. ಅವನ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇತ್ತು.

"ನನ್ನ ಎಡಗಣ್ಣು ನೋಡ್ರಿ. ಈಗ ಬಲಗಣ್ಣು."

ಅವಳು ನೋಡಿದಳು. ಕಂದು ಕಣ್ಣು, ರೆಪ್ಪೆ ಉದ್ದ, ಬಲಗಣ್ಣಿನ ಕೆಳಗೊಂದು ಸಣ್ಣ ಕಲೆ. ಇಷ್ಟು ದಿನ ಗಾಜಿನಲ್ಲಷ್ಟೇ ನೋಡಿದ್ದ ಕಣ್ಣು. ಅವನು ಅಳೆದು, ತಲೆ ಕೊಡವಿ, ಮತ್ತೆ ಅಳೆದ.

"ಎಷ್ಟ್ ಸಲರಿ?"

"ನೀವು ಅಲುಗಾಡ್ಲಿಕತ್ತೀರಿ."

"ನಾನಲ್ಲ. ನಿಮ್ಮ ಸ್ಕೇಲು."

ಅವನ ಕಿವಿ ಕೆಂಪಾಯಿತು. ಸ್ನೇಹಲ್‌ಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಕೆಂಪು ಕಿವಿಯದೇ ನೆನಪು. ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು. ಪ್ರೀತಿ ಎಂದರೆ ಇದೇ ಇರಬೇಕು ಎಂದು ಅವಳಿಗೆ ಅನ್ನಿಸಿದ್ದು ಅಂದೇ.

ಸಾವಕ್ಕನಿಗೂ ಅದು ತಿಳಿಯಿತು. ಒಂದು ಸಂಜೆ ಅವಳು ಕಾಳು ಆರಿಸುತ್ತ, ತಲೆಯೆತ್ತದೆ ಮಾತಾಡಿದಳು. ಅವಳು ಹುಟ್ಟಿದ ಊರಿನಲ್ಲಿ ಅವರ ಕೇರಿಯವರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಮೇಲಿನವರು ಯಾರಾದರೂ ಬಂದು ಸುರಿಯುವ ತನಕ ಕೊಡ ಕೆಳಗಿಟ್ಟು ಕಾಯಬೇಕು.

"ಈಗ ಕುಲಕರ್ಣ್ಯಾರ ಹುಡುಗ ನಮ್ಮ ನಳಕ್ಕ ಬಂದು ಕಾಯತಾನ. ನನಗ ಖುಷಿನ ಐತಿ. ಆದ್ರ ಒಂದು ಕೇಳು ಅವಗ. ಆ ನೀರು ಯಾರ ಮನೀದು ಅಂತ ತನ್ನ ಮನ್ಯಾಗ ಹೇಳ್ಯಾನೇನು?"

ಮುಂದಿನ ನೀರಿನ ದಿನ ಸ್ನೇಹಲ್ ಕೇಳಿದಳು. ತಮಾಷೆಯ ದನಿಯಲ್ಲೇ ಕೇಳಿದಳು.

ಅತುಲ ಕ್ಯಾನಿನ ಮುಚ್ಚಳ ತಿರುವುತ್ತ ನಿಂತ. "ಧಾರವಾಡದ ನೀರು ಅಂತ ಹೇಳೇನಿ."

"ಹೌದಲ್ಲ. ಧಾರವಾಡದ್ದೇ," ಎಂದು ನಕ್ಕಳು. ಅವನು ಹೋದ ಮೇಲೆ ಹಿತ್ತಲಿನಲ್ಲಿ ಕೂತು ಅತ್ತಳು. ಅವನು ಅವಳನ್ನು ಒಮ್ಮೆಯೂ ತನ್ನ ಮನೆಗೆ ಕರೆದಿರಲಿಲ್ಲ. ತಾನು ನೀರು ಕೊಟ್ಟು ಬೆಳೆಸಿದ ಮೀನುಗಳನ್ನು ಅವಳು ಫೋಟೊದಲ್ಲಷ್ಟೇ ನೋಡಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಗ್ರೂಪಿನಲ್ಲಿ ಅತುಲನ ಫೋಟೊ ಬಂತು. ಮನೆಯ ಮುಂದೆ ಹೊಳೆಯುವ ಹೊಸ ನಳ. ಅವರ ಬಡಾವಣೆಗೆ ಹೊಳೆಯ ನೀರು ಬಂದಿದೆ, ಅದೂ ದಿನವಿಡೀ. ಅಭಿನಂದನೆಗಳ ಮಳೆ ಸುರಿಯಿತು. ಮಕ್ತುಮಸಾಬ ಪಟಾಕಿಯ ಚಿತ್ರ ಹಾಕಿದ. ಸ್ನೇಹಲ್ ಒಂದು ಹೆಬ್ಬೆರಳು ಒತ್ತಿ ಫೋನು ಬೋರಲು ಹಾಕಿದಳು. ಒಂದು ಊರಿಗೆ ನೀರು ಬಂದದ್ದಕ್ಕೆ ದುಃಖ ಪಡುವ ಹೆಂಗಸು ತಾನೊಬ್ಬಳೇ ಇರಬೇಕು ಎಂದು ನಾಚಿಕೆಯೂ ಆಯಿತು.

ಲಕಮನಹಳ್ಳಿಯ ನಳ ಬುಸ್ ಎಂದಿತು. "ನೀರು ಬಂತ್ರಿ" ಎಂದು ಬರೆದಳು, ಅಳಿಸಿದಳು. ಕೂದಲು ಬಾಚಲಿಲ್ಲ. ಕೊಡ, ಬಕೆಟ್ಟು, ಹಂಡೆ, ಎಲ್ಲ ತುಂಬಿದರೂ ಬೀದಿಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಪೈಪು ಕೈಯಿಂದ ಜಾರುತ್ತಿತ್ತು. ಅವನು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ಹೋಗಲಿ, ನೀರಿಗಾಗಿ ಬರುತ್ತಿದ್ದವನು ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಕೇಳಲಿಲ್ಲ. ಅವನ ಏಲಕ್ಕಿಯ ಉಸಿರು, ಕೆಂಪು ಕಿವಿ, ಇನ್ನೊಂದು ಚಮಚ ಸಕ್ಕರೆ, ಒಂದೊಂದೇ ಬಂದು ಕಾಡುತ್ತಿದ್ದವು.

ಒಂದು ಭಾನುವಾರ ಮಧ್ಯಾಹ್ನ, ನಳ ಒಣಗಿ ಬಿಸಿಲು ಕಾಯುತ್ತಿದ್ದಾಗ, ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅತುಲ. ಗಡ್ಡ ಬೆಳೆದಿತ್ತು. ಕೈಯಲ್ಲಿ ಏನೂ ಇರಲಿಲ್ಲ.

"ಇವತ್ತ ನೀರಿಲ್ರಿ," ಎಂದಳು ಸ್ನೇಹಲ್.

"ಗೊತ್ತದ. ಅದಕ್ಕ ಬಂದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನು ಒಂದೇ ಉಸಿರಿಗೆ ಶುರು ಮಾಡಿದ.

"ನೀರಿನ ದಿನ ಬಂದ್ರ ನೀವು ಮತ್ತ ನೀರಿಗೇ ಬಂದಾನ ಅಂತಿದ್ರಿ. ಹೊಸಾ ನಳದ ಒಂದು ಹನಿನೂ ನಾ ಟ್ಯಾಂಕಿಗೆ ಹಾಕಿಲ್ಲ. ಹೋದ ಸಲ ಒಯ್ದ ನಿಮ್ಮ ನೀರಿನಾಗ ಗಂಡು ಮತ್ತ ಗೂಡು ಹೊಕ್ಕದ, ತತ್ತಿ ಬಿದ್ದಾವ. ಗಂಡು ತತ್ತಿ ಕಾಯಕೋತ ಹಗಲೂ ರಾತ್ರಿ ರೆಕ್ಕಿ ಬೀಸಿಕೋತ ಕೂತದ, ಊಟಕ್ಕೂ ಎದ್ದಿಲ್ಲ. ಅದನ್ನ ನೋಡಿಕೋತ ಕೂತಾಗ ನನಗ ನನ್ನ ಮ್ಯಾಲೇ ಹೇಸಿಗಿ ಬಂತು. ಒಂದು ಮೀನಕ್ಕ ಇರೂ ಧೈರ್ಯ ನನಗಿಲ್ಲ. ಆಯಿ ಮುಂದ ಹೇಳಿದೆ. ಯಾರ ಮನಿ ನೀರು, ಯಾಕ ಅಷ್ಟ ದೂರದಿಂದ ತರ್ತಿದ್ದೆ, ಎಲ್ಲಾ ಹೇಳಿದೆ."

"ಯಾಕ ತರ್ತಿದ್ರಿ?"

"ನಿಮ್ಮನ್ನ ನೋಡ್ಲಿಕ್ಕೆ. ನೀವಂದ್ರ ನನಗ ಜೀವ ಸ್ನೇಹಲ್. ಇಷ್ಟು ಹೇಳ್ಲಿಕ್ಕೆ ಇಷ್ಟು ನೀರು ಹೊರಬೇಕಾತು ನನಗ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನಿಮ್ಮ ಆಯಿ ಏನಂದ್ರು?"

"ಮಾತು ಬಿಟ್ಟಾಳ. ಅಡಿಗಿ ಮಾಡ್ತಾಳ, ಬಡಸ್ತಾಳ, ಮಾತಿಲ್ಲ. ಇವತ್ತ ಮುಂಜಾನೆ ಒಂದೇ ಮಾತು ಆಡಿದ್ಲು, ಆಕಿನ್ನ ನಾ ನೋಡೇ ಇಲ್ಲಲ್ಲ ಅಂತ. ಬರ್ತೀರಿ?"

ಒಳಗಿನಿಂದ ಸಾವಕ್ಕ ಬಂದು ನಿಂತಿದ್ದಳು. ಅತುಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಗಳ ಸೆರಗು ಸರಿಮಾಡಿದಳು.

"ಹೋಗಿ ಬಾ. ಮುಂದಿನ ಬಾಗಿಲಿಂದ ಕರದ್ರ ಒಳಗ ಹೋಗು. ಇಲ್ಲಂದ್ರ ಅಲ್ಲಿಂದನ ತಿರುಗು. ನಾ ಅನ್ನಕ್ಕ ಇಟ್ಟಿರತೇನಿ."

ಸ್ಕೂಟರಿನಲ್ಲಿ ಕ್ಯಾನುಗಳಿದ್ದ ಜಾಗ ಖಾಲಿಯಿತ್ತು. ರಾಯಾಪುರದ ಹತ್ತಿರ ಅವಳು ಅವನ ಹೆಗಲ ಮೇಲೆ ಕೈ ಇಟ್ಟಳು. ಅವನು ಸ್ಕೂಟರು ನಿಧಾನ ಮಾಡಿದ. "ಲಗೂ ನಡೀರಿ," ಎಂದಳು, "ನನ್ನ ಧೈರ್ಯ ಭಾಳ ಹೊತ್ತು ಇರಂಗಿಲ್ಲ."

ಮುಂದಿನ ಬಾಗಿಲು ತೆರೆದೇ ಇತ್ತು. ಅತುಲನ ತಾಯಿ ನಿರುಪಮಾ ಹೊಸ್ತಿಲ ಒಳಗೆ ನಿಂತಿದ್ದರು, ಇಸ್ತ್ರಿ ಮಾಡಿದ ಇಳಕಲ್ ಸೀರೆ, ಬಿಗಿದ ತುಟಿ. ಕಣ್ಣು ಮಾತ್ರ ಮಗನದೇ.

"ಮೀನ ನೋಡ್ಲಿಕ್ಕೆ ಬಂದೀರಿ?"

"ಮೊದಲ ನಿಮ್ಮನ್ನ ನೋಡಾಕ ಬಂದೇನ್ರಿ. ಮೀನ ಆಮ್ಯಾಲೆ."

"ಒಳಗ ಬರ್ರಿ, ಕೂಡ್ರಿ," ಎಂದು ಹೇಳಿ ನಿರುಪಮಾ ಅಡುಗೆಮನೆಗೆ ಹೋದರು. ಸ್ನೇಹಲ್ ಕುರ್ಚಿಯ ಅಂಚಿನಲ್ಲಿ ಕೂತಳು. ಒಳಗೆ ಪಾತ್ರೆಯ ಸದ್ದು ಬಹಳ ಹೊತ್ತು ನಡೆಯಿತು, ನಿಂತಿತು. ಅತುಲ ಉಗುರು ಕಚ್ಚುತ್ತಿದ್ದ. ಅವಳು ಎದ್ದು ಹೋಗಿಬಿಡಲೇ ಎಂದುಕೊಂಡಳು.

ನಿರುಪಮಾ ಬಂದರು. ಒಂದು ಕೈಯಲ್ಲಿ ಬೆಲ್ಲದ ಬಟ್ಟಲು, ಇನ್ನೊಂದರಲ್ಲಿ ನೀರಿನ ಲೋಟ. ಟೀಪಾಯಿ ಪಕ್ಕದಲ್ಲೇ ಇತ್ತು, ಅದರ ಮೇಲೆ ಇಡಬಹುದಿತ್ತು. ಇಡಲಿಲ್ಲ. ಅವಳ ಕೈಗೇ ಕೊಟ್ಟರು, ಬೆರಳಿಗೆ ಬೆರಳು ತಾಗಿತು.

"ನಾ ಇನ್ನೂ ಹೂಂ ಅಂದಿಲ್ಲ," ಎಂದರು.

"ಗೊತ್ತೈತ್ರಿ."

"ಬಿಸಲಾಗ ಬಂದೀರಿ. ಕುಡೀರಿ ಮೊದಲ."

ಸ್ನೇಹಲ್ ಕುಡಿದಳು. ತಣ್ಣಗಿತ್ತು. ಕೊನೆಯ ಗುಟುಕಿನವರೆಗೆ ನಿಲ್ಲಿಸದೆ ಕುಡಿದು, ಲೋಟ ಕೆಳಗಿಡದೆ, ಹಾಗೆಯೇ ಮುಂದೆ ಚಾಚಿದಳು.

"ಇನ್ನೊಂದು ಲೋಟ ಕೊಡ್ತೀರಿ?"