ಹಳೆ ಜಾಹೀರಾತಿನ ಹುಡುಗಿ

"ಸರೀರೀ... ಪಕ್ಕಕ್ಕೆ ಸರೀರೀ...!"

ಸುಮೇರಾ ತಲೆ ಎತ್ತುವಷ್ಟರಲ್ಲಿ ಆತ ಹತ್ತಿರ ಬಂದೇ ಬಿಟ್ಟಿದ್ದ. ಹೊನ್ನಾಳಿಯ ಆ ಇಳಿಜಾರು ಓಣಿಯಲ್ಲಿ, ಪುಟ್ಟ ಚಕ್ರಗಳ ಹಲಗೆಯೊಂದರ ಮೇಲೆ ನಿಂತು, ಎರಡೂ ಕೈ ಚಾಚಿಕೊಂಡು!

ಅವಳಿಗೆ ಗುದ್ದುವುದನ್ನು ತಪ್ಪಿಸಲು ಪಕ್ಕಕ್ಕೆ ಹಾರಿದ. ಹಾರಿದವನು ಸೀದಾ ಹೋಗಿ ಬಿದ್ದದ್ದು ಅವಳ ಅಪ್ಪನ ರದ್ದಿ ಅಂಗಡಿಯ ಮುಂದಿನ ಪೇಪರ್ ರಾಶಿಯ ಮೇಲೆ. ಅವಳು ಬಿಸಿಲಿಗೆ ಹರವಿದ್ದ ಬಣ್ಣದ ಹಾಳೆಗಳೆಲ್ಲ ಗಾಳಿಗೆ ಎದ್ದವು. ಒಂದು ಹಾಳೆ ತೇಲುತ್ತಾ ಬಂದು ಅವನ ಎದೆಯ ಮೇಲೆ ಕೂತಿತು.

ಆತ ಕ್ಷಮೆ ಕೇಳಲು ಬಾಯಿ ತೆರೆದ. ಹಾಳೆಯ ಮೇಲೆ ಕಣ್ಣು ಬಿತ್ತು. ಕ್ಷಮೆ ಮರೆತೇ ಹೋಯಿತು.

"ಇದು... ಇದು ನಿಮಗೆ ಎಲ್ಲಿ ಸಿಕ್ತು?"

"ಮೊದ್ಲು ಕೊಡ್ರಿ ಅದನ್ನ! ನಂದು ಅದು!"

ಸುಮೇರಾ ಕಸಿದುಕೊಂಡಳು. ಸಿಟ್ಟಿಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬರೀ ಸಿಟ್ಟಿಗೇನಾ? ಅವಳಿಗೂ ಗೊತ್ತಾಗಲಿಲ್ಲ. ಚಿಕ್ಕಂದಿನಿಂದ ಕಾಗದದ ಮೇಲಷ್ಟೇ ನೋಡಿದ್ದ ಒಂದು ವಸ್ತು, ಈಗ ಅವಳ ಕಾಲ ಬಳಿ ಬೋರಲಾಗಿ ಬಿದ್ದು ಚಕ್ರ ತಿರುಗಿಸುತ್ತಿತ್ತು.

ಸ್ಕೇಟ್‌ಬೋರ್ಡ್...!

ಅವಳು ಸಣ್ಣವಳಿದ್ದಾಗ ದಾವಣಗೆರೆ ಕಡೆಯಿಂದ ಬರುತ್ತಿದ್ದ ರದ್ದಿ ಬಂಡಲುಗಳಲ್ಲಿ ಹೊರದೇಶದ ಹಳೆ ಮ್ಯಾಗಝಿನ್‌ಗಳೂ ಇರುತ್ತಿದ್ದವು. ಕಿರಾಣಿ ಅಂಗಡಿಯವರು ಅವನ್ನು ಒಯ್ದು ಪೊಟ್ಟಣ ಕಟ್ಟುತ್ತಿದ್ದರು. ಒಂದು ದಿನ ಅವುಗಳ ನಡುವೆ ಸ್ಕೇಟ್‌ಬೋರ್ಡಿನ ಮ್ಯಾಗಝಿನ್‌ಗಳ ಒಂದು ಕಟ್ಟು ಸಿಕ್ಕಿತು. ಚಕ್ರದ ಜಾಹೀರಾತು, ಬೂಟಿನ ಜಾಹೀರಾತು, ಹಲಗೆಯ ಜಾಹೀರಾತು. ಪ್ರತಿ ಹಾಳೆಯಲ್ಲೂ ಯಾರೋ ಒಬ್ಬರು ನೆಲ ಬಿಟ್ಟು ಗಾಳಿಯಲ್ಲಿ!

ಆ ಹಾಳೆಗಳನ್ನು ಅವಳು ಪೊಟ್ಟಣವಾಗಲು ಬಿಡಲಿಲ್ಲ.

ಅದರಲ್ಲೂ ಒಂದು ಹಾಳೆ ಅವಳ ಜೀವ. ನೀರಿಲ್ಲದ ಈಜುಕೊಳದ ಅಂಚಿನಿಂದ ಮೇಲಕ್ಕೆ ಚಿಮ್ಮಿದ ಒಬ್ಬ ಹುಡುಗಿ. ಹಳದಿ ಕಾಲುಚೀಲ, ಕೆದರಿದ ಕೂದಲು, ಬಾಯಿ ತುಂಬ ನಗು.

"ಈ ಹುಡುಗಿ ಬೀಳ್ತಾಳೇನೋ ಅಂತ ನಂಗೆ ಯಾವಾಗ್ಲೂ ಭಯ" ಎನ್ನುತ್ತಿದ್ದಳು ಅಮ್ಮಿ, ಮೆಹರಾಜ್ ಬೇಗಂ.

"ಬೀಳಲ್ಲ ಅಮ್ಮಿ. ಇಷ್ಟು ವರ್ಷದಿಂದ ಬಿದ್ದಿಲ್ಲ!"

ಹಲಗೆಯಿಂದ ಬಿದ್ದ ಆತನ ಹೆಸರು ಇಸ್ರಾರ್. ಜಗಳೂರಿನವನು, ಬಡಗಿ. ಹೊನ್ನಾಳಿಯ ಒಂದು ಹೊಸ ಮನೆಗೆ ಬಾಗಿಲು ಕೂರಿಸಲು ಬಂದಿದ್ದ. ಗೋವಾದ ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಪಕ್ಕದಲ್ಲೇ ಸ್ಕೇಟ್‌ಬೋರ್ಡ್ ತಯಾರಿಸುವವರಿದ್ದರು. ಅಲ್ಲಿ ಹಿಡಿದ ಹುಚ್ಚು ಊರಿಗೆ ಬಂದರೂ ಬಿಟ್ಟಿರಲಿಲ್ಲ.

ಮರುದಿನ ಸಂಜೆ ಆತ ಅಂಗಡಿ ಮುಂದೆ ನಿಂತಿದ್ದ. ಈ ಸಲ ನಡೆದುಕೊಂಡೇ ಬಂದಿದ್ದ.

"ನಿನ್ನೆ ಸಾರಿ ಹೇಳಾಕೆ ಆಗ್ಲಿಲ್ಲ... ಈಗಿನ ಬೋರ್ಡ್ ಎಲ್ಲಾ ಒಂದೇ ತರ ಇರ್ತಾವ್ರೀ. ಹಳೇವು ಹಂಗಲ್ಲ, ಒಂದು ಮೀನಿನಂಗೆ, ಒಂದು ಸೌಟಿನಂಗೆ. ಅಂಥವನ್ನ ಮಾಡ್ಬೇಕು ಅಂತ ನಂಗೆ ಆಸೆ. ನಿಮ್ಮ ಹಾಳೆ ಒಂದ್ಸಲ ನೋಡ್ಲಾ?"

ಸುಮೇರಾ ಒಳಗೆ ನೋಡಿದಳು. ಅಮ್ಮಿ ಹೂಂ ಎಂಬಂತೆ ತಲೆಯಾಡಿಸಿದಳು.

ಹೀಗೆ ಶುರುವಾಯಿತು. ಅಂಗಡಿಯ ಕಟ್ಟೆಯ ಆ ತುದಿಗೆ ಅವನು, ಈ ತುದಿಗೆ ಅವಳು, ನಡುವೆ ಹಳೆ ಜಾಹೀರಾತುಗಳು. ಅವನು ಹಲಗೆಯ ಬಾಗು ನೋಡುತ್ತಿದ್ದ. ಅವಳು ಹಲಗೆಯ ಮೇಲಿನ ಮನುಷ್ಯರ ಕತೆ ಹೇಳುತ್ತಿದ್ದಳು.

"ಇವ್ನು ನೋಡ್ರಿ, ಮನೇಲಿ ಜಗಳ ಮಾಡ್ಕೊಂಡು ಬಂದಾನೆ. ಹುಬ್ಬು ನೋಡಿದ್ರೆ ಗೊತ್ತಾಗ್ತೈತೆ. ಈ ಇಬ್ರೂ ಅಣ್ಣ ತಮ್ಮ..."

"ಮತ್ತೆ ಈ ಹಳದಿ ಕಾಲುಚೀಲದಾಕಿ?"

"ಆಕಿಗೆ ಯಾರೂ ಎಲ್ಲಿಗೆ ಹೊಂಟಿ ಅಂತ ಕೇಳಲ್ಲ" ಎಂದಳು ಸುಮೇರಾ ಮೆಲ್ಲಗೆ.

ಇಸ್ರಾರ್ ಏನೋ ಹೇಳಹೋಗಿ ನಕ್ಕ. "ಇವೆಲ್ಲಾ ಜಾಹೀರಾತಲ್ವೇನ್ರೀ? ಚಕ್ರ ಮಾರಾಕೆ ನಗಿಸಿರ್ತಾರೆ."

"ರದ್ದಿ ಅಂಗಡಿಯೋನ ಮಗಳಿಗೆ ಅದು ಗೊತ್ತಿಲ್ವಾ? ಅಚ್ಚಾಗಿದ್ದೆಲ್ಲಾ ಏನೋ ಒಂದು ಮಾರಾಕೇ ಇರ್ತೈತೆ. ಆದ್ರೆ ಆ ನಗು ಮಾರಾಕೆ ನಕ್ಕಿದ್ದಲ್ಲ ಬಿಡ್ರಿ. ಅದು ಆಕಿಗೇ ಬಂದಿದ್ದು."

ಅವನು ಹಾಳೆ ನೋಡಲಿಲ್ಲ. ಅವಳನ್ನೇ ನೋಡುತ್ತಾ ಕೂತ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು...

ಬಾಗಿಲು ಕೂರಿಸುವ ಕೆಲಸ ಮುಗಿಯಿತು. ಆದರೂ ಶುಕ್ರವಾರ ಬಂತೆಂದರೆ ಜಗಳೂರಿನಿಂದ ಬಸ್ ಹತ್ತಿ ಇಸ್ರಾರ್ ಬರುತ್ತಿದ್ದ. ಹೊಳೆ ಕಡೆಯಿಂದ ತಣ್ಣನೆ ಗಾಳಿ ಬೀಸುವ ಹೊತ್ತಿಗೆ ಸುಮೇರಾಳ ಕಣ್ಣು ತಾನಾಗಿ ಓಣಿಯ ತಿರುವಿಗೆ ಹೋಗುತ್ತಿತ್ತು.

ಒಂದು ಶುಕ್ರವಾರ ಆತ ಸಂಕೋಚದಿಂದ ಕೇಳಿದ.

"ಆ ಹುಡುಗಿ ಹಾಳೆ... ಒಂದು ವಾರಕ್ಕೆ ಕೊಡ್ತೀರಾ? ಅದೇ ಬೋರ್ಡ್ ಮಾಡ್ಬೇಕು."

ಯಾರಿಗೂ ಮುಟ್ಟಲು ಬಿಡದ ಹಾಳೆ! ಆದರೆ ಸುಮೇರಾ ಅದನ್ನು ಎರಡು ರಟ್ಟುಗಳ ನಡುವೆ ಇಟ್ಟು, ತನ್ನ ಹಳೆ ದುಪಟ್ಟಾದಲ್ಲಿ ಸುತ್ತಿ ಕೊಟ್ಟಳು.

"ಹುಷಾರು."

"ನನ್ ಜೀವದಂಗೆ ನೋಡ್ಕಂತೀನಿ."

ಮುಂದಿನ ಶುಕ್ರವಾರ ಅವನು ಬರಲಿಲ್ಲ.

ಅದರ ಮುಂದಿನ ಶುಕ್ರವಾರವೂ...

ಸುಮೇರಾ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಚಿಕ್ಕಪ್ಪನ ಮಗಳು ಮಸರತ್ ಸವಳಂಗದಿಂದ ಬಂದವಳು ಮೊಬೈಲ್ ಹಿಡಿದು ತೋರಿಸಿದಳು. "ನೋಡೇ, ಇದು ನಿನ್ ಹುಡುಗಿ ಅಲ್ವಾ? ಯಾರೋ ಜಗಳೂರಿನವ್ರು ಹಾಕ್ಯಾರೆ." ಚಿತ್ರದಲ್ಲಿ ಇಸ್ರಾರನ ಕೆಲಸದ ಮೇಜು, ಮೇಜಿನ ಮೇಲೆ ಆ ಹಾಳೆ. ಕೆಳಗೆ ಎಲ್ಲೆಲ್ಲಿಯವರದೋ ಹೊಗಳಿಕೆ.

ಹಾಗಾದರೆ ಅವನಿಗೆ ಬೇಕಿದ್ದದ್ದು ಇದೇ. ಹಾಳೆ ಸಿಕ್ಕಿತು, ಕೆಲಸ ಮುಗಿಯಿತು!

*ನಾನು ಎಂಥ ಪೆದ್ದಿ... ಹಲಗೆ ನೋಡಾಕೆ ಬಂದೋನು ನನ್ನ ನೋಡಾಕೆ ಬರ್ತಾನೆ ಅಂದ್ಕಂಡೆನಲ್ಲ!*

ಅದೇ ವಾರ ಅಬ್ಬಾ ಬುಡನ್‌ಸಾಬ್ ಚನ್ನಗಿರಿಯ ಒಂದು ಸಂಬಂಧದ ಮಾತೆತ್ತಿದರು. ಸುಮೇರಾ ಬೇಡ ಎನ್ನಲಿಲ್ಲ. ಎದ್ದು ಒಳಗೆ ಹೋಗಿ, ಉಳಿದ ಜಾಹೀರಾತುಗಳನ್ನೆಲ್ಲ ಎದೆಗವಚಿ ತಂದು, ಲಾರಿ ಲೋಡಿಗೆ ಹಾಕುವ ರದ್ದಿಯ ಮೇಲೆ ಸುರಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅದನ್ನು ನೋಡಿಯೇ ಅಮ್ಮಿಗೆ ಹೆದರಿಕೆಯಾಯಿತು.

"ಯಾಕೆ ಹಿಂಗೆ ಮಾಡ್ತಿ ಬೇಟಿ?"

"ಇವು ರದ್ದಿನೇ ಅಲ್ವಾ ಅಮ್ಮಿ?"

ಮೆಹರಾಜ್ ಬೇಗಂ ಗಂಡನ ಕಡೆ ತಿರುಗಿದಳು. ಬುಡನ್‌ಸಾಬ್ ತಲೆ ತಗ್ಗಿಸಿದರು.

"ನೀವ್ ಹೇಳ್ತೀರಾ, ನಾನ್ ಹೇಳ್ಲಾ?"

ಅಮ್ಮಿಯೇ ಹೇಳಿದಳು. "ಆ ಹುಡುಗ ಬಂದಿದ್ದ ಬೇಟಿ, ಶುಕ್ರವಾರಕ್ಕೂ ಒಂದಿನ ಮೊದ್ಲೇ. ನೀನು ಆಗ ಟೈಲರಿಂಗ್ ಕ್ಲಾಸಲ್ಲಿದ್ದಿ. ಏನೋ ಕೈಯಲ್ಲಿ ಹಿಡ್ಕಂಡಿದ್ದ. ನಿಮ್ಮಬ್ಬಾ ಓಣಿ ತಿರುವಲ್ಲೇ ನಿಲ್ಸಿ, ಮಗಳಿಗೆ ಸಂಬಂಧ ಗೊತ್ತಾಗೈತೆ, ಇನ್ ಮೇಲೆ ಬರಬ್ಯಾಡ, ಫೋನೂ ಮಾಡಬ್ಯಾಡ ಅಂದ್ರಂತೆ. ನಂಗೆ ನಿನ್ನೆ ಗೊತ್ತಾಯ್ತು."

"ಚಕ್ರದ ಹಲಗೆ ಮೇಲೆ ಕುಣಿಯೋನು... ಜನ ಏನಂತಾರೆ ಅಂತ..." ಬುಡನ್‌ಸಾಬರ ದನಿ ಅಲ್ಲೇ ನಿಂತಿತು.

ಸುಮೇರಾಳಿಗೆ ಅದುವರೆಗೆ ಬಾರದ ಅಳು ಈಗ ಒಮ್ಮೆಲೇ ಬಂತು.

ಅಮ್ಮಿ ಸೆರಗಿನಿಂದ ಅವಳ ಮುಖ ಒರೆಸಿದಳು. "ಅಳೋದು ಬಸ್ಸಲ್ಲಿ ಅಳುವಂತೆ. ಬುರ್ಖಾ ಹಾಕ್ಕೊ, ನಡಿ."

"ಎಲ್ಲಿಗೆ?"

"ಜಗಳೂರಿಗೆ!"

ದಾವಣಗೆರೆಯಲ್ಲಿ ಬಸ್ ಬದಲಿಸಿದರು. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಬಿಸಿಲಲ್ಲಿ ತೂಗುತ್ತಿದ್ದವು. ಕುರಿಮಂದೆಯೊಂದು ರಸ್ತೆ ದಾಟುವವರೆಗೆ ಬಸ್ ನಿಂತಿತು. ಅಷ್ಟೂ ಹೊತ್ತು ಸುಮೇರಾ ಕಿಟಕಿಯ ಸರಳು ಹಿಡಿದು ಕೂತಿದ್ದಳು, ಕನಸಿನಲ್ಲಿ ಯಾವುದೋ ಊರಿಗೆ ಹೊರಟವಳ ಹಾಗೆ.

ಜಗಳೂರಿನಲ್ಲಿ ಕೇಳಿಕೊಂಡು ಹೋದಾಗ ಇಸ್ರಾರ್ ಕೆಲಸದ ಶೆಡ್ಡಿನಲ್ಲಿ ಮಂಚದ ಕಾಲು ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದ. ಕೈಯಲ್ಲಿದ್ದ ಉಜ್ಜುಕಾಗದ ಕೆಳಗೆ ಬಿತ್ತು.

"ನೀವು...? ನಿಮಗೆ ಸಂಬಂಧ..."

"ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ್ರಿ." ಅವಳು ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬಂದಳು. "ನೀವು ಬರ್ತಿದ್ದಿದ್ದು ಆ ಹಾಳೆಗಾ? ನನಗಾ?"

"ಮೊದಲ್ನೇ ಸಲ ಹಾಳೆಗೆ."

"ಆಮೇಲೆ?"

"ಆಮೇಲೆ ಹಾಳೆ ಬರೀ ನೆಪ ಕಣ್ರೀ..." ಅವನ ಕಣ್ಣು ತುಂಬಿತು. "ನಿಮ್ ಅಬ್ಬಾ ಹೇಳಿದ್ಮೇಲೆ ಎಷ್ಟೋ ಸಲ ಬಸ್ ಸ್ಟ್ಯಾಂಡ್ ತನಕ ಬಂದು ವಾಪಸ್ ಹೋದೆ. ನೀವೇ ಒಪ್ಕಂಡಿದೀರಿ ಅಂದ್ಕಂಡೆ. ಫೋನ್ ಎತ್ತಿದ್ರೆ ಅತ್ತುಬಿಡ್ತೀನಿ ಅಂತ ಎತ್ತಲಿಲ್ಲ."

"ಆ ಫೋಟೋ ಯಾಕೆ ಹಾಕಿದ್ರಿ?"

"ನೀವೊಬ್ರು ನೋಡ್ಲಿ ಅಂತ."

ದುಪಟ್ಟಾದಲ್ಲಿ ಸುತ್ತಿದ ಹಾಳೆಯನ್ನು ಗೋಡೆಗೂಡಿನಿಂದ ತೆಗೆದು ಕೊಟ್ಟ. ಒಂದು ಮೂಲೆಯೂ ಮಡಚಿರಲಿಲ್ಲ. ಅದರ ಹಿಂದೆಯೇ ಒಂದು ಹೊಸ ಸ್ಕೇಟ್‌ಬೋರ್ಡ್ ತಂದ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಜಾಹೀರಾತಿನಲ್ಲಿದ್ದ ಹಾಗೆಯೇ ಮೂತಿ ಬಾಗಿಸಿದ್ದ.

"ಅವತ್ತು ಇದನ್ನೇ ತಂದಿದ್ದೆ. ನಿಮ್ದು ಇದು."

ಮೆಹರಾಜ್ ಬೇಗಂ ಕೆಮ್ಮಿದಳು. ಇಬ್ಬರೂ ಬೆಚ್ಚಿದರು. ಆಗಲೇ ಅವಳು ಶೆಡ್ಡಿಗೆ ಅಂಟಿದ ಮನೆಯ ಜಗಲಿಯಲ್ಲಿ, ಇಸ್ರಾರನ ತಾಯಿಯ ಪಕ್ಕ ಚಾಪೆಯ ಮೇಲೆ ಆರಾಮಾಗಿ ಕೂತು, ಕೊಟ್ಟ ಚಹಾ ಅರ್ಧ ಕುಡಿದಾಗಿತ್ತು. ಫೋನು ಕಿವಿಯಲ್ಲಿತ್ತು.

"ಹೂಂರೀ, ಇಲ್ಲೇ ಐತೆ ನಿಮ್ ಮಗಳು. ನಗ್ತಾ ಐತೆ... ಏನ್ ಮಾಡ್ಲಿ ಹೇಳ್ರಿ?"

ಅವಳು ಸ್ಪೀಕರ್ ಒತ್ತಿ ಫೋನನ್ನು ಮುಂದೆ ಹಿಡಿದಳು. ಆಮೇಲೆ ಬುಡನ್‌ಸಾಬರ ಒದ್ದೆ ದನಿ ಎಲ್ಲರಿಗೂ ಕೇಳಿಸಿತು.

"ಅವಳು ಸುರಿದು ಹೋಗಿದ್ದ ಹಾಳೆಯೆಲ್ಲಾ ಎತ್ತಿ ಒಳಗಿಟ್ಟೀನಿ ಅಂತ ಹೇಳು... ಆ ಹುಡುಗಂಗೆ ಅವರಮ್ಮನ್ನ ಕರ್ಕೊಂಡು ಬರಾಕೆ ಹೇಳು. ಚನ್ನಗಿರಿಯವರಿಗೆ ನಾನ್ ಮಾತಾಡ್ತೀನಿ."

ಶೆಡ್ಡಿನ ಹಿಂದಿನ ಅಂಗಳದಲ್ಲಿ ಇಸ್ರಾರ್ ಸಿಮೆಂಟ್ ಹಾಕಿದ್ದ ಒಂದು ನುಣುಪು ಜಾಗ. ಸುಮೇರಾ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಒಂದು ಕಾಲಿಟ್ಟಳು. ಮತ್ತೊಂದನ್ನೂ ಇಟ್ಟಳು. ಹಲಗೆ ಜಾರಿತು. "ಯಾ ಅಲ್ಲಾ!" ಎಂದು ಕೈ ಚಾಚಿದಳು.

ಇಸ್ರಾರ್ ಹಿಡಿದುಕೊಂಡ. ಮರದ ಪುಡಿ ಮೆತ್ತಿದ ಬೆಚ್ಚನೆ ಕೈ.

ಮೆಲ್ಲಗೆ, ಬಹಳ ಮೆಲ್ಲಗೆ, ಚಕ್ರಗಳು ಉರುಳಿದವು.

"ಭಯ ಆಗ್ತೈತಾ?"

"ಆಗ್ತೈತೆ... ಚೆನ್ನಾಗೂ ಐತೆ."

"ಕೈ ಬಿಡ್ಲಾ?"

"ನಾನ್ ಹೇಳಿದಾಗ ಬಿಡ್ರಿ."

"ಯಾವಾಗ ಹೇಳ್ತೀರಾ?"

ಸುಮೇರಾ ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಇವತ್ತಂತೂ ಹೇಳಲ್ಲ."