ಒತ್ತೆಯ ತಲೆ

ಸಿರಿವೊಳಲಿನ ಮೂಡಣ ಹೆಬ್ಬಾಗಿಲಲ್ಲಿ ನಗಾರಿ ಮೊಳಗಿ, ಆನೆಸಾಲೆಯ ಗಂಟೆಗಳೂ ಹೂವಾಡಗಿತ್ತಿಯರ ಕೂಗೂ ಒಂದಾಗಿ ರಾಜಬೀದಿ ಕಿಕ್ಕಿರಿದಿದ್ದ ಆ ಬೆಳಗಿನಲ್ಲಿ, ಯುದ್ಧ-ಸಂಧಿಗಳ ಅಮಾತ್ಯನಾದ ಸಂಧಿವಿಗ್ರಹಿ ಏಚಿಮಯ್ಯನೊಬ್ಬನೇ ತಲೆತಗ್ಗಿಸಿ ಆಸ್ಥಾನದತ್ತ ನಡೆದಿದ್ದನು. ಹನ್ನೆರಡು ವರ್ಷಗಳಿಂದ ಆ ಬೀದಿ ಯುದ್ಧದ ಹೆಣ ಕಂಡಿರಲಿಲ್ಲ. ಅದಕ್ಕೆ ಕಾರಣ ಅವನೇ.

ಹಾವು ಮುಂಗುಸಿಗಳಂತಿದ್ದ ಸಿರಿವೊಳಲು, ಕುಂಭಗಿರಿ, ನಂದಿಗಾವೆಗಳನ್ನು ಒಂದೇ ಸಭೆಯಲ್ಲಿ ಕೂರಿಸಿ, ಜಗಳಗಳನ್ನು ಮಾತಿನಲ್ಲಿ ತೀರಿಸುವ ಕರಾರು ಬರೆದವನು ಅವನು. ಬರಿಯ ಮಾತಿಗೆ ಅರಸರು ಬಗ್ಗುವರೇ? ಆದ್ದರಿಂದ ಪ್ರತಿಯೊಂದು ರಾಜ್ಯವೂ ರಾಜವಂಶದ ಇಲ್ಲವೇ ಅಮಾತ್ಯವಂಶದ ಒಬ್ಬರನ್ನು ನೆರೆಯಲ್ಲಿ ಒತ್ತೆಯಿಡಬೇಕು. ಶಾಂತಿ ಮುರಿದವನ ಮೇಲೆ ಉಳಿದಿಬ್ಬರೂ ಒಟ್ಟಾಗಿ ನಿಲ್ಲಬೇಕು, ಅವನ ಒತ್ತೆಯ ತಲೆ ಉರುಳಬೇಕು. ಬೇರಾರೂ ಮುಂದೆ ಬಾರದಿದ್ದರೆ ಅರಸನ ಸಂತಾನವೇ ಒತ್ತೆಗೆ ಹೋಗಬೇಕು. ಮಹಾರಾಜ ಅಹಿತಮಲ್ಲನು ತನ್ನ ಕುಡಿಯನ್ನು ಕೊಡಲೊಲ್ಲದೆ ಮೀನಮೇಷ ಎಣಿಸಿದಾಗ, ಏಚಿಮಯ್ಯ ತನ್ನ ಒಬ್ಬನೇ ಮಗ ಸೋವಿದೇವನನ್ನು ಕುಂಭಗಿರಿಗೆ ಕಳುಹಿಸಿದ್ದನು. ಅಲ್ಲಿಂದ ಇಲ್ಲಿಗೆ ಬಂದವಳು ಕುಂಭಗಿರಿಯ ಅರಸನ ಸೋದರತ್ತೆ, ಮುದುಕಿ ಲಚ್ಚಲದೇವಿ.

ಈಗ ಅಹಿತಮಲ್ಲನಿಗೆ ಕುಂಭಗಿರಿಯ ಕಬ್ಬಿಣದ ಗಣಿಗಳ ಮೇಲೆ ಕಣ್ಣು ಬಿದ್ದಿತ್ತು. ಗಡಿಯಲ್ಲಿ ತನ್ನ ಇಪ್ಪತ್ತು ಕಾವಲುಗಾರರನ್ನು ತನ್ನ ಸೈನಿಕರಿಂದಲೇ ಕೊಲ್ಲಿಸಿ, ಕುಂಭಗಿರಿ ದಾಳಿಯಿಟ್ಟಿತೆಂದು ದೂರಿತ್ತನು. ವಿಚಾರಣೆಗೆ ಹೋದ ಏಚಿಮಯ್ಯನಿಗೆ, ಸಾಯುತ್ತಿದ್ದ ಕಾವಲುಗಾರನೊಬ್ಬನು ಕೊಂದವರ ಹೆಸರುಗಳನ್ನು ಹೇಳಿ ಕಣ್ಮುಚ್ಚಿದ್ದನು.

ಸಭೆಯ ಬಾಗಿಲಲ್ಲಿ ಅರಸನು ಅವನ ಭುಜದ ಮೇಲೆ ಕೈಯಿಟ್ಟು ನಕ್ಕನು.

"ಸಾಕ್ಷಿಗೆ ನಿಮ್ಮನ್ನೇ ಏಕೆ ಆರಿಸಿದೆವು, ಬಲ್ಲಿರಾ ಅಮಾತ್ಯರೇ? ತಪ್ಪು ಕುಂಭಗಿರಿಯದಾದರೆ ಮುದುಕಿ ಸಾಯುವಳು. ನಮ್ಮದಾದರೆ ನಿಮ್ಮ ಮಗ. ಯಾವ ತಂದೆ ನಿಜ ನುಡಿದಾನು?"

ಏಚಿಮಯ್ಯ ಆ ಕೈಯಡಿಯಿಂದ ಸರಿದು ಒಳಗೆ ನಡೆದನು.

ನಂದಿಗಾವೆಯ ಮಧ್ಯಸ್ಥ ನಾಗಾರ್ಯನು, "ಕಂಡುದನ್ನು ಹೇಳಿರಿ" ಎಂದಾಗ, ಲಚ್ಚಲದೇವಿ ಮೆಲ್ಲನೆ ಏಚಿಮಯ್ಯನ ಬಳಿಗೆ ಬಂದು ಪಿಸುಗುಟ್ಟಿದಳು.

"ಏಚಣ್ಣಾ, ನಾನು ಬಾಳಿ ಮುಗಿಸಿದವಳು. ಹುಡುಗ ಇನ್ನೂ ಬಾಳಬೇಕು. ಸುಳ್ಳಾಡಿಬಿಡಪ್ಪ."

ಏಚಿಮಯ್ಯ ಅವಳಿಗೆ ಕೈಮುಗಿದನು. ಆದರೆ ಈ ಒಂದು ಸುಳ್ಳಿನ ಬೆನ್ನಿಗೆ ಹೊರಡುವ ದಂಡು ಎಷ್ಟು ಮನೆಗಳ ಮಕ್ಕಳನ್ನು ನುಂಗುವುದೆಂಬುದೂ ಅವನಿಗೆ ಗೊತ್ತಿತ್ತು.

"ಕುಂಭಗಿರಿ ನಿರ್ದೋಷಿ. ಶಾಂತಿ ಮುರಿದವರು ನನ್ನ ಒಡೆಯರು" ಎಂದನು.

ಎರಡು ರಾಜ್ಯಗಳ ದಂಡು ಒಂದಾಗುವುದೆಂದು ತಿಳಿದೊಡನೆ ಅಹಿತಮಲ್ಲನ ಯುದ್ಧದಾಸೆ ನೆಲಕಚ್ಚಿತು. ನಾಗಾರ್ಯನು ಕಣ್ಣೊರಸಿಕೊಂಡು, "ನಿಜ ನುಡಿದವರ ಮಗನನ್ನು ಸಭೆ ಕ್ಷಮಿಸಲಿ" ಎಂದನು.

"ಕೂಡದು!" ಅರಸನು ಹಲ್ಲುಕಡಿದನು. "ಕರಾರಿನಲ್ಲಿ ಕ್ಷಮೆಯ ಮಾತೇ ಇಲ್ಲ. ಬರೆದವರು ಇವರೇ. ಒಂದು ವಿಧಿ ಬಿದ್ದರೆ ಉಳಿದವಕ್ಕೂ ನಾವು ಬದ್ಧರಲ್ಲ."

ಎಲ್ಲರೂ ಏಚಿಮಯ್ಯನನ್ನು ನೋಡಿದರು. ಅವನು ಲೇಖನಿಯನ್ನು ಬೇಡಿ, ಒತ್ತೆಯ ತಲೆ ತೆಗೆಯುವಂತೆ ಕುಂಭಗಿರಿಗೆ ಓಲೆಯನ್ನು ತಾನೇ ಬರೆದನು.

ಒಂಬತ್ತನೆಯ ದಿನ ಕುಂಭಗಿರಿಯ ದೂತನು ಸಭೆಗೆ ಬಂದನು. ಸೋವಿದೇವನು ಓಲೆಯಲ್ಲಿದ್ದ ತಂದೆಯ ಅಕ್ಷರವನ್ನು ಕಣ್ಣಿಗೊತ್ತಿಕೊಂಡು ತಲೆಯೊಡ್ಡಿದನಂತೆ. ಕೊಡಲಿಯವನ ಕೈ ನಡುಗಿದ್ದರಿಂದ ಮೂರು ಏಟು ಬೇಕಾಯಿತಂತೆ.

"ಶಾಂತಿ ಸುಖವಾಗಿದೆಯೇ, ಅಮಾತ್ಯರೇ?" ಎಂದನು ಅಹಿತಮಲ್ಲ.

"ಇನ್ನೂ ಒಂದು ಕೆಲಸ ಉಳಿದಿದೆ, ಪ್ರಭು. ಒತ್ತೆಯ ಸ್ಥಾನ ಬರಿದಾಗಿರಬಾರದು. ನನ್ನ ಮನೆಯಲ್ಲಿ ಕೊಡಲು ಯಾರೂ ಇಲ್ಲ. ಬೇರೆ ಅಮಾತ್ಯರಾರೂ ಮುಂದೆ ಬಂದಿಲ್ಲ. ಹಾಗಾದಾಗ ಅರಸನ ಸಂತಾನವೇ ಹೋಗಬೇಕೆಂದು ಕರಾರಿದೆ. ಯುವರಾಜರನ್ನು ಕಳುಹಿಸಿರಿ."

ಅರಸನ ಮುಖ ಕಪ್ಪಿಟ್ಟಿತು. "ಅವನಿಗಿನ್ನೂ ಹದಿಮೂರು ವರ್ಷ! ಇದೊಂದು ಸಲ…"

"ಒಂದು ವಿಧಿಯನ್ನೂ ಸಡಿಲಿಸಲಾಗದು, ಪ್ರಭು."

ಎರಡೂ ರಾಜ್ಯಗಳ ಪ್ರತಿನಿಧಿಗಳು ಎದ್ದು ನಿಂತರು. ಅರಸನು ಒಪ್ಪಿಗೆಯ ಮುದ್ರೆಯೊತ್ತಿದನು. ಅವನು ಬದುಕಿರುವಷ್ಟು ಕಾಲ ಗಡಿಯಲ್ಲಿ ಒಂದು ಬಾಣವೂ ಹಾರಲಿಲ್ಲ.

ಆ ಸಭೆಯ ಮರುದಿನ ಯುವರಾಜನನ್ನು ಪಲ್ಲಕ್ಕಿಗೆ ಹತ್ತಿಸಿದವನು ಏಚಿಮಯ್ಯನೇ. ಆ ಎಳೆಯ ಕೊರಳನ್ನು ಕಂಡಾಗ ಅವನಿಗೆ ಮೊದಲ ಬಾರಿಗೆ ಅಳು ಬಂತು.